ಮೇಷ್ಟ್ರ ಕತೆಯಲ್ಲಿ ಕಾಣೆಯಾದ ವರ್ಷಗಳು

ಕಳೆದ ಸೆಪ್ಟೆಂಬರ್ ಐದಕ್ಕೆ ಅಕ್ಕನಿಗೆ 'ತಾರೆ ಜಮೀನ್ ಪರ್' ಸಿನಿಮಾದ ಒಂದು ತುಣುಕು ವಾಟ್ಸಾಪ್ ಮಾಡಿದ್ದೆ. ಕೆಳಗೆ ಶಿಕ್ಷಕರ ದಿನಾಚರಣೆಯ ಶುಭಾಶಯ, ಜೊತೆಗೆ ಕೈಮುಗಿದ ಎರಡು ಎಮೋಜಿ. ನನ್ನ ಕರ್ತವ್ಯ ಮುಗೀತು ಅಂದ್ಕೊಂಡು ಮೀಟಿಂಗಿಗೆ ಹೋದೆ.

ಅಕ್ಕ ನಮ್ಮ ತಾಲ್ಲೂಕಿನದೇ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಡಿ.ಎಡ್ ಮುಗಿಸಿ ಇಪ್ಪತ್ಮೂರನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು. ರಾತ್ರಿ ಫೋನ್ ಮಾಡಿದಳು.

"ಆ ಮೇಷ್ಟ್ರು ಆ ಸ್ಕೂಲಲ್ಲಿ ಎಷ್ಟು ದಿನ ಇದ್ರು ಹೇಳು?"

ನಾನು ಯೋಚಿಸಿರಲಿಲ್ಲ.

"ಟೆಂಪರರಿ ಕಣೋ ಅವ್ನು. ಬಂದ, ಒಂದು ಮಗೂನ ಗುರುತಿಸ್ದ, ಚಿತ್ರ ಬರೆಸ್ದ, ಸಿನಿಮಾ ಮುಗೀತು. ಒಳ್ಳೇ ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಹತ್ತೊಂಬತ್ತು ವರ್ಷ ಆಯ್ತು, ಇನ್ನೂ ಹದಿನೆಂಟು ಇದೆ. ಅದರದ್ದು ಯಾವ್ದಾದ್ರೂ ಸಿನಿಮಾ ಇದ್ರೆ ಕಳಿಸು."

ತಮಾಷೆಗೇ ಹೇಳಿದಳು. ಆದರೆ ನಾನು ಸೀರಿಯಸ್ಸಾಗಿ ಹುಡುಕೋಕೆ ಕೂತೆ. ನಮ್ಮ ಕೆಲಸದ ಚಾಳಿ ಅದು, ಬಗ್ ಸಿಕ್ಕರೆ ಬಿಡೋಕಾಗಲ್ಲ. ಮೇಷ್ಟ್ರ ಬಗ್ಗೆ ನೋಡಿದ್ದ ಸಿನಿಮಾಗಳನ್ನು ಮತ್ತೆ ನೋಡಿದೆ, ಓದಿದ್ದ ಪುಸ್ತಕಗಳನ್ನು ಮತ್ತೆ ಓದಿದೆ. ಎಲ್ಲದಕ್ಕೂ ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಕತೆಯಲ್ಲಿ ಮೇಷ್ಟ್ರ ಹತ್ತನೇ ವರ್ಷ, ಇಪ್ಪತ್ತನೇ ವರ್ಷ ಎಲ್ಲಿದೆ?

ಎಲ್ಲೂ ಇಲ್ಲ ಅಂತಲೇ ಹೇಳಬಹುದು. ಲೆಕ್ಕ ಹಾಕಿ ನೋಡಿ. 2007ರ 'ತಾರೆ ಜಮೀನ್ ಪರ್'ನ ನಿಕುಂಭ್ ಸರ್ ತಾತ್ಕಾಲಿಕ ಚಿತ್ರಕಲಾ ಮೇಷ್ಟ್ರು. 1989ರ 'ಡೆಡ್ ಪೊಯೆಟ್ಸ್ ಸೊಸೈಟಿ'ಯ ಕೀಟಿಂಗ್ ಹೊಸದಾಗಿ ಶಾಲೆಗೆ ಬರುತ್ತಾನೆ, ಹುಡುಗರನ್ನು ಬೆಂಚು ಹತ್ತಿಸುತ್ತಾನೆ, ವರ್ಷ ತುಂಬುವ ಮೊದಲೇ ಕೆಲಸ ಕಳೆದುಕೊಳ್ಳುತ್ತಾನೆ. 1967ರ 'ಟು ಸರ್, ವಿತ್ ಲವ್' ಇನ್ನೂ ಮಜಾ. ಅದರ ನಾಯಕ ಥ್ಯಾಕರೆ ನಮ್ಮ ಹಾಗೇ ಎಂಜಿನಿಯರು. ಕೆಲಸ ಸಿಗದೆ ಲಂಡನ್ನಿನ ಈಸ್ಟ್ ಎಂಡ್‌ನ ಪುಂಡ ಹುಡುಗರಿಗೆ ಪಾಠ ಮಾಡೋಕೆ ಬಂದವನು. ವರ್ಷದ ಕೊನೆಗೆ ಎಂಜಿನಿಯರಿಂಗ್ ಕೆಲಸದ ಆಫರ್ ಲೆಟರ್ ಬರುತ್ತೆ, ಅದನ್ನು ಹರಿದು ಹಾಕುತ್ತಾನೆ. ಸಿಡ್ನಿ ಪಾಟಿಯರ್ ಆ ಕಾಗದ ಹರಿಯೋದನ್ನು ನೋಡಿ ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೆ ಸಿನಿಮಾ ಅಲ್ಲಿಗೇ ಮುಗಿಯುತ್ತೆ. ಎರಡನೇ ವರ್ಷ ಶುರುವಾಗೋ ಹೊತ್ತಿಗೆ ಥಿಯೇಟರಿನ ಲೈಟು ಹತ್ತಿರುತ್ತೆ.

ಅಂದರೆ ಸಿನಿಮಾದಲ್ಲಿ ಉತ್ಸಾಹಿ ಮೇಷ್ಟ್ರ ಆಯಸ್ಸು ಒಂದೇ ಶೈಕ್ಷಣಿಕ ವರ್ಷ. ಅದೇ ಶಾಲೆಯಲ್ಲಿ ಬಹಳ ವರ್ಷಗಳಿಂದ ಇರುವ ಉಳಿದ ಮೇಷ್ಟ್ರುಗಳೇನು? ಅವರೆಲ್ಲ ಬೆತ್ತ ಹಿಡಿದ ವಿಲನ್‌ಗಳು ಇಲ್ಲವೇ ಕಾಮಿಡಿ ಪಾತ್ರಗಳು. ನೋಡುವವರಿಗೆ ಹೋಗುವ ಸಂದೇಶ ಒಂದೇ: ಹೊಸಬನಿಗೆ ಕಿಚ್ಚು ಇರುತ್ತೆ, ಹಳಬನಿಗೆ ಇರಲ್ಲ. ಹಳಬ ಯಾಕೆ ಹಾಗಾದ, ಅವನ ಮೊದಲ ವರ್ಷ ಹೇಗಿತ್ತು ಅಂತ ಯಾವ ನಿರ್ದೇಶಕನೂ ಕೇಳಲ್ಲ.

ಕನ್ನಡ ಸಿನಿಮಾಗಳು ಇದರ ಇನ್ನೊಂದು ತುದಿ ಹಿಡಿದಿವೆ. ನಮಗೆ ಮೇಷ್ಟ್ರು ಬೇಕಾಗೋದು ವಯಸ್ಸಾದ ಮೇಲೆ. ಬಿ.ಆರ್. ಪಂತುಲು ನಿರ್ದೇಶಿಸಿ ನಟಿಸಿದ 1958ರ 'ಸ್ಕೂಲ್ ಮಾಸ್ಟರ್' ನೋಡಿ. ಮೊದಲ ಭಾಗದಲ್ಲಿ ಶಾಲೆ ಇದೆ, ಪುಂಡ ಮಕ್ಕಳಿದ್ದಾರೆ. ಆದರೆ ಜನ ಇವತ್ತಿಗೂ ನೆನೆಸಿಕೊಳ್ಳೋದು ನಿವೃತ್ತಿಯಾದ ಮೇಲಿನ ಕತೆಯನ್ನ: ಹೆತ್ತ ಮಕ್ಕಳು ಕೈಬಿಟ್ಟಾಗ ಹಳೆಯ ಶಿಷ್ಯ ಬಂದು ನೆರವಾಗೋದನ್ನ. 1972ರ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರಂತೂ ನಮ್ಮೆಲ್ಲರ ಮೇಷ್ಟ್ರು. ಅಶ್ವಥ್ ಅವರ ಮುಖ ನೆನಪಾದರೆ ಸಾಕು, ತಪ್ಪು ಮಾಡಿದ ಹಾಗೆ ತಲೆ ತಗ್ಗುತ್ತೆ. ಆದರೆ ಯೋಚಿಸಿ, ಚಾಮಯ್ಯ ಮೇಷ್ಟ್ರು ನಮಗೆ ನೆನಪಿರೋದು ಅವರ ಪಾಠಕ್ಕಲ್ಲ. ರಾಮಾಚಾರಿಯನ್ನು ಮಗನಂತೆ ಕಂಡಿದ್ದಕ್ಕೆ, ಅವನ ಬದುಕಿನ ತೀರ್ಮಾನಗಳನ್ನು ತಾವೇ ತೆಗೆದುಕೊಂಡಿದ್ದಕ್ಕೆ, ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಪ್ರಾಣ ಬಿಟ್ಟಿದ್ದಕ್ಕೆ. ಅವರು ಗುರು. ಆದರೆ ಅವರು ಟೀಚರ್ ಆಗಿ ಹೇಗಿದ್ದರು, ಬೋರ್ಡಿನ ಮುಂದೆ ನಿಂತಾಗ ಏನು ಮಾಡ್ತಿದ್ದರು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ನನಗೆ ತುಂಬಾ ಇಷ್ಟವಾದ ಸಿನಿಮಾ. ನಮ್ಮ ಶಾಲೆಯ ಗೋಡೆ, ಬೆಲ್ಲು, ಪ್ರಾರ್ಥನೆ ಎಲ್ಲ ಅದರಲ್ಲಿದೆ. ಆದರೂ ಗಮನಿಸಿ. ಶಾಲೆ ಮುಚ್ಚುವ ಸ್ಥಿತಿ ಬಂದಾಗ ಅದನ್ನು ಉಳಿಸೋಕೆ ಮೈಸೂರಿನಿಂದ ಅನಂತ ಪದ್ಮನಾಭ ಬರಬೇಕು. ಶಾಲೆಯ ಮೇಷ್ಟ್ರುಗಳು ನಗಿಸೋಕೆ ಇದ್ದಾರೆ, ಗೆಲ್ಲಿಸೋಕೆ ಹೊರಗಿನವರು ಬೇಕು. ನಾವು ಐಟಿಯವರು ಊರಿಗೆ ಹೋಗಿ ಶಾಲೆಗೆ ಸುಣ್ಣ ಹೊಡೆಸಿ, ಮೈಕ್ ಹಿಡಿದು 'ಪ್ಯಾಷನ್ ಇರಬೇಕು' ಅಂತ ಭಾಷಣ ಮಾಡಿ ಸಂಜೆಯ ಬಸ್ಸಿಗೆ ವಾಪಸ್ ಬರ್ತೀವಲ್ಲ, ಅದೂ ಇದೇ ಕತೆ. ನಾನೂ ಮಾಡಿದ್ದೀನಿ. ನಾನು ಭಾಷಣ ಮಾಡಿದ ದಿನ ಅಕ್ಕ ಹಿಂದಿನ ಸಾಲಿನಲ್ಲಿ ಹಾಜರಿ ಪುಸ್ತಕ ಭರ್ತಿ ಮಾಡ್ತಾ ಕೂತಿದ್ದಳು.

ಸಿನಿಮಾಕ್ಕೆ ಎರಡೂವರೆ ಗಂಟೆಯ ಮಿತಿ ಇದೆ, ಪುಸ್ತಕದಲ್ಲಾದರೂ ಸಿಗಬಹುದು ಅಂತ ಅತ್ತ ತಿರುಗಿದೆ. ಇಡೀ ಜೀವಮಾನ ಪಾಠ ಮಾಡಿದ ಮೇಷ್ಟ್ರ ಕತೆ ಅಂದರೆ ಮೊದಲು ನೆನಪಾಗೋದು ಜೇಮ್ಸ್ ಹಿಲ್ಟನ್ 1934ರಲ್ಲಿ ಬರೆದ 'ಗುಡ್‌ಬೈ, ಮಿಸ್ಟರ್ ಚಿಪ್ಸ್'. ಚಿಪ್ಸ್ ಯುವಕನಾಗಿ ಬ್ರೂಕ್‌ಫೀಲ್ಡ್ ಶಾಲೆಗೆ ಸೇರಿ, ದಶಕಗಟ್ಟಲೆ ಅಲ್ಲೇ ಲ್ಯಾಟಿನ್ ಕಲಿಸಿ, ನಿವೃತ್ತನಾಗಿ ಶಾಲೆಯ ಎದುರಿನ ಮನೆಯಲ್ಲೇ ಉಳಿದವನು. ಸಣ್ಣ ಪುಸ್ತಕ, ಒಂದೇ ಸಂಜೆಗೆ ಓದಬಹುದು. ಓದಿ ಮುಗಿಸಿದಾಗ ಗಂಟಲು ಕಟ್ಟುತ್ತೆ. ಆದರೆ ಅಕ್ಕನ ಪ್ರಶ್ನೆ ಹಿಡಿದು ಓದಿದರೆ ಬೇರೆಯೇ ಕಾಣುತ್ತೆ.

ಮೊದಲನೆಯದು, ಚಿಪ್ಸ್ ಹುಟ್ಟಾ ಒಳ್ಳೆಯ ಮೇಷ್ಟ್ರಲ್ಲ. ಮೊದಲ ಎಷ್ಟೋ ವರ್ಷ ಒಣಗಿದ, ಶಿಸ್ತಿನ, ಯಾರಿಗೂ ವಿಶೇಷವಾಗಿ ಇಷ್ಟವಾಗದ ಸಾಧಾರಣ ಮೇಷ್ಟ್ರು. ಮಧ್ಯವಯಸ್ಸಿನಲ್ಲಿ ಕ್ಯಾಥರೀನ್ ಅನ್ನೋ ಹುಡುಗಿಯನ್ನು ಮದುವೆಯಾಗುತ್ತಾನೆ. ಹೊಸ ವಿಚಾರಗಳ ಹೆಣ್ಣುಮಗಳು. ಅವಳು ಅವನ ಜೊತೆ ವಾದ ಮಾಡುತ್ತಾಳೆ, ನೀನು ಹುಡುಗರನ್ನು ನೋಡುವ ರೀತಿ ಸರಿಯಿಲ್ಲ ಅನ್ನುತ್ತಾಳೆ. ಚಿಪ್ಸ್ ಬದಲಾಗುತ್ತಾನೆ. ಅಂದರೆ ಈ ಮೇಷ್ಟ್ರು ಬೆಳೆದದ್ದು ತ್ಯಾಗದಿಂದಲ್ಲ, ದಿನದ ಕೆಲಸದ ಬಗ್ಗೆ ಮಾತಾಡೋಕೆ ಮನೆಯಲ್ಲಿ ಒಬ್ಬರು ಸಿಕ್ಕಿದ್ದರಿಂದ. ಪುಸ್ತಕದ ಅತ್ಯಂತ ಮುಖ್ಯ ವಿಷಯ ಇದು ಅಂತ ನನಗನ್ನಿಸುತ್ತೆ. ಹಿಲ್ಟನ್ ಇದನ್ನು ಪ್ರೇಮಕತೆಯಾಗಿ ಹೇಳಿ ಮುಗಿಸಿಬಿಡುತ್ತಾನೆ. ಕ್ಯಾಥರೀನ್ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ, ಅಲ್ಲಿಗೆ ಚಿಪ್ಸ್‌ನ ಬೆಳವಣಿಗೆಯ ಕತೆಯೂ ಹೆಚ್ಚು ಕಡಿಮೆ ನಿಲ್ಲುತ್ತೆ. ಆಮೇಲೆ ಅವನು ಎಲ್ಲರ ಪ್ರೀತಿಯ ಮುದುಕನಾಗುತ್ತಾ ಹೋಗುತ್ತಾನೆ.

ಎರಡನೆಯದು ರಾಲ್ಸ್‌ಟನ್ ಪ್ರಸಂಗ. ಹೊಸ ಹೆಡ್‌ಮಾಸ್ಟರ್ ರಾಲ್ಸ್‌ಟನ್ ಚಿಪ್ಸ್‌ನನ್ನು ಕರೆದು ನಿಮ್ಮ ಪದ್ಧತಿ ಹಳತಾಗಿದೆ, ಲ್ಯಾಟಿನ್‌ನ ಹೊಸ ಉಚ್ಚಾರಣೆ ನೀವು ಕಲಿಸ್ತಿಲ್ಲ, ನಿಮ್ಮ ಗೌನು ಕೂಡ ಹರಿದಿದೆ, ನಿವೃತ್ತರಾಗಿ ಅನ್ನುತ್ತಾನೆ. ಚಿಪ್ಸ್ ಸಿಡಿದೇಳುತ್ತಾನೆ. ಹುಡುಗರು, ಆಡಳಿತ ಮಂಡಳಿ ಎಲ್ಲ ಚಿಪ್ಸ್ ಪರ. ಓದುಗರಾದ ನಾವೂ ಅಷ್ಟೇ. ರಾಲ್ಸ್‌ಟನ್ ಒಳ್ಳೆಯವನಲ್ಲ ನಿಜ, ಅವನಿಗೆ ಶಾಲೆಯನ್ನು ದುಡ್ಡಿದ್ದವರ ಕ್ಲಬ್ ಮಾಡೋ ಆಸೆ, ಚಿಪ್ಸ್ ಅದನ್ನು ವಿರೋಧಿಸೋದು ಸರಿಯೇ. ಆದರೆ ಅವನು ಕೇಳಿದ ಪ್ರಶ್ನೆ ಸುಳ್ಳಲ್ಲ. ಒಬ್ಬ ಮೇಷ್ಟ್ರು ದಶಕಗಳ ಕಾಲ ಒಂದೇ ಪಾಠ, ಒಂದೇ ಜೋಕು ಹೇಳಿಕೊಂಡು ಇರಬಹುದಾ? ಹಿಲ್ಟನ್ ಈ ಪ್ರಶ್ನೆಯನ್ನು ವಿಲನ್ ಬಾಯಿಗೆ ಕೊಟ್ಟು ನಮ್ಮ ಬಾಯಿ ಮುಚ್ಚಿಸಿಬಿಟ್ಟ. ಅಂದಿನಿಂದ ನಮಗೆ ಒಂದು ಅಭ್ಯಾಸ ಆಗಿಹೋಗಿದೆ: ಮೇಷ್ಟ್ರನ್ನು ಪ್ರೀತಿಸಬೇಕು, ಆದರೆ ಅವರು ಹೊಸದೇನು ಕಲಿತರು ಅಂತ ಕೇಳಬಾರದು. ಕೇಳಿದರೆ ಅಗೌರವ.

ನಮ್ಮ ಆಫೀಸಿನಲ್ಲಿ ಹೀಗೆ ನಡೆಯುತ್ತಾ? ಹದಿನಾಲ್ಕು ವರ್ಷದ ಹಿಂದೆ ನಾನು ಕಲಿತ ಟೆಕ್ನಾಲಜಿ ಇವತ್ತು ಮ್ಯೂಸಿಯಂ ಪೀಸು. ಕಲಿಯದೆ ಹೋದರೆ ಮನೆಗೆ ಕಳಿಸ್ತಾರೆ, ಕಲಿತರೆ ಲೆವೆಲ್ ಏರಿಸ್ತಾರೆ. ಇದೇನು ಸ್ವರ್ಗ ಅಂತಲ್ಲ, ಅಪ್ರೈಸಲ್ ತಿಂಗಳಲ್ಲಿ ನಮ್ಮ ಮುಖ ನೋಡಿದವರಿಗೆ ಗೊತ್ತು. ಆದರೆ 'ನೀನು ಬೆಳೀತಿದ್ದೀಯಾ' ಅಂತ ಯಾರೋ ಕೇಳೋದರಲ್ಲಿ ಒಂದು ಮರ್ಯಾದೆ ಇದೆ. ಅಕ್ಕನನ್ನು ಹತ್ತೊಂಬತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿಲ್ಲ. ಅವಳನ್ನು ಕೇಳೋದು ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಇವತ್ತು ಸಂಜೆಯೊಳಗೆ ಅಪ್‌ಲೋಡ್ ಆಗಬೇಕಾದ ಮಾಹಿತಿ.

ಮುಂದೆ ನಮ್ಮದೇ ದೇಶದ ಪುಸ್ತಕಕ್ಕೆ ಬಂದೆ. ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ', ಮೂವತ್ತರ ದಶಕದಲ್ಲಿ ಗುಜರಾತಿಯಲ್ಲಿ ಬಂದದ್ದು. ಶಿಕ್ಷಣದ ಬಗ್ಗೆ ಮಾತಾಡುವವರೆಲ್ಲ ಓದಲೇಬೇಕು ಅನ್ನುವ ಪುಸ್ತಕ. ಲಕ್ಷ್ಮೀರಾಮ್ ಅನ್ನುವವನು ಶಿಕ್ಷಣಾಧಿಕಾರಿಯ ಬಳಿ ಹೋಗಿ, ನನ್ನ ವಿಚಾರಗಳನ್ನು ಪ್ರಯೋಗ ಮಾಡೋಕೆ ನಾಲ್ಕನೇ ತರಗತಿಯನ್ನು ಒಂದು ವರ್ಷಕ್ಕೆ ಕೊಡಿ ಅಂತ ಕೇಳುತ್ತಾನೆ. ಇಂಗ್ಲಿಷ್ ಅನುವಾದದಲ್ಲಿ ಓದಿ, ಫೋನಿನಲ್ಲಿ ಅಕ್ಕನಿಗೆ ಕತೆ ಹೇಳಿದೆ.

ಮೊದಲ ದಿನದ ಪ್ರಸಂಗ ಅಕ್ಕನಿಗೆ ತುಂಬಾ ಹಿಡಿಸಿತು. ಲಕ್ಷ್ಮೀರಾಮ್ ಭಾರಿ ಯೋಜನೆ ಹಾಕಿಕೊಂಡು ಮೌನದ ಆಟ ಆಡಿಸೋಕೆ ಹೋಗುತ್ತಾನೆ. ಕೋಣೆ ಕತ್ತಲೆ ಮಾಡಿ, ಎಲ್ಲರೂ ಸುಮ್ಮನೆ ಕೂರಿ ಅಂದರೆ ಹುಡುಗರು ಗಲಾಟೆ ಎಬ್ಬಿಸಿಬಿಡುತ್ತಾರೆ. ಪುಸ್ತಕದಲ್ಲಿ ಓದಿ ತಂದ ಐಡಿಯಾ ಹತ್ತೇ ನಿಮಿಷಕ್ಕೆ ಮಣ್ಣುಪಾಲು. ಮಾರನೇ ದಿನ ಕತೆ ಹೇಳೋಕೆ ಶುರು ಮಾಡುತ್ತಾನೆ, ಆಗ ಮಕ್ಕಳು ಹತ್ತಿರ ಬರುತ್ತಾರೆ. ಅಕ್ಕ ಫೋನಿನಲ್ಲೇ ಗೊಳ್ಳೆಂದು ನಕ್ಕಳು. "ಇದು ನಿಜ ಕಣೋ. ಇದನ್ನ ಬರ್ದವ್ರು ಕ್ಲಾಸಲ್ಲಿ ನಿಂತವ್ರೇ."

ಆಮೇಲೆ ಕತೆ, ಆಟ, ತರಗತಿ ಗ್ರಂಥಾಲಯ, ನಾಟಕ, ಪಕ್ಕದ ಮೇಷ್ಟ್ರುಗಳ ಅನುಮಾನ, ಕೊನೆಗೆ ಪ್ರಯೋಗ ಗೆಲ್ಲೋದು, ಎಲ್ಲ ಹೇಳಿದೆ. ಕೊನೆಯಲ್ಲಿ ಅವಳು ಕೇಳಿದ್ದು ಒಂದೇ. "ಮುಂದಿನ ವರ್ಷ ಏನ್ ಮಾಡ್ದ?"

ಪುಸ್ತಕದಲ್ಲಿ ಮುಂದಿನ ವರ್ಷ ಇಲ್ಲ. ಇಲ್ಲೂ ಒಂದೇ ಶೈಕ್ಷಣಿಕ ವರ್ಷ. ಆದರೆ ವಿಚಿತ್ರ ಏನು ಗೊತ್ತಾ? ಗಿಜುಭಾಯಿ ಅವರ ಸ್ವಂತ ಬದುಕಿನಲ್ಲಿ ಆ ಮುಂದಿನ ವರ್ಷ ಇತ್ತು. ಅವರು ಮೊದಲು ವಕೀಲರು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಬಾಲಮಂದಿರ ಶುರು ಮಾಡಿದರು, ಮಾಂಟೆಸ್ಸರಿ ಓದಿ ಅದನ್ನು ನಮ್ಮ ಮಣ್ಣಿಗೆ ಹೊಂದಿಸಿದರು. ತಾರಾಬಾಯಿ ಮೋಡಕ್ ಜೊತೆ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು, ಪತ್ರಿಕೆ ನಡೆಸಿದರು, ಬೇರೆ ಶಿಕ್ಷಕರಿಗೆ ತರಬೇತಿ ಕೊಟ್ಟರು. 1939ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಸುಮಾರು ಎರಡು ದಶಕ ಕಿಚ್ಚು ಆರದಂತೆ ಕೆಲಸ ಮಾಡಿದ ಮನುಷ್ಯ. ಆರದಿರೋಕೆ ಕಾರಣ ಕಣ್ಣೆದುರೇ ಇದೆ: ಜೊತೆಗಾರರು, ಓದು, ಪತ್ರಿಕೆ, ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವ ಅವಕಾಶ. ಆದರೆ ಪುಸ್ತಕ ಬರೆಯುವಾಗ ಅವರೂ ಒಂಟಿ ವೀರನ ಒಂದು ವರ್ಷದ ಕತೆಯನ್ನೇ ಬರೆದರು. ಹಗಲುಗನಸು ಅಂತ ಹೆಸರಿಟ್ಟಿದ್ದಾರೆ, ಒಪ್ಪೋಣ. ಸರ್ಕಾರಿ ಶಾಲೆಗಳನ್ನು ಅಲುಗಾಡಿಸೋಕೆ ಅಂಥ ಚುರುಕಾದ ಕತೆಯೇ ಬೇಕಿತ್ತೇನೋ. ಆದರೂ ಅವರು ತಮ್ಮದೇ ಹದಿನೈದನೇ ವರ್ಷದ ಬಗ್ಗೆ ಅಷ್ಟೇ ರುಚಿಯಾಗಿ ಬರೆದಿದ್ದರೆ ಅಂತ ಅನ್ನಿಸದೆ ಇರಲ್ಲ.

ಸರಿ, ಹಾಗಾದರೆ ಎಲ್ಲೂ ಸಿಗಲಿಲ್ಲವಾ? ಸಿಕ್ಕಿತು. ಹುಡುಕದ ಜಾಗಗಳಲ್ಲಿ ಸಿಕ್ಕಿತು.

ಒಂದು, 'ತೊತ್ತೋಚಾನ್'. ತೆತ್ಸುಕೋ ಕುರೊಯಾನಾಗಿ 1981ರಲ್ಲಿ ಬರೆದ ಈ ಜಪಾನಿ ಪುಸ್ತಕ ಕನ್ನಡದಲ್ಲೂ ಇದೆ, ನಿಮ್ಮಲ್ಲಿ ಎಷ್ಟೋ ಜನ ಓದಿರ್ತೀರಿ. ರೈಲು ಡಬ್ಬಿಯ ತರಗತಿ, ಮೊದಲ ದಿನ ನಾಲ್ಕು ಗಂಟೆ ಹೊತ್ತು ಪುಟ್ಟ ಹುಡುಗಿಯ ಮಾತನ್ನು ಕೇಳಿಸಿಕೊಂಡ ಹೆಡ್‌ಮಾಸ್ಟರ್ ಕೊಬಾಯಾಶಿ, ಇವೆಲ್ಲ ಎಲ್ಲರಿಗೂ ನೆನಪಿರುತ್ತೆ. ನಾನು ಈ ಸಲ ನಿಂತುಹೋಗಿದ್ದು ಬೇರೆ ಪುಟದಲ್ಲಿ. ತರಗತಿಯಲ್ಲಿ ಟೀಚರ್ ಒಬ್ಬರು ಹಿಂದೆ ಮನುಷ್ಯನಿಗೆ ಬಾಲ ಇತ್ತು ಅಂತ ಹೇಳ್ತಾ, ತಮಾಷೆಗೆ ತಕಹಾಶಿ ಅನ್ನೋ ಹುಡುಗನನ್ನು ನಿನಗೆ ಬಾಲ ಇದೆಯೇನೋ ಅಂದುಬಿಡುತ್ತಾರೆ. ಅವನು ಬೆಳವಣಿಗೆ ನಿಂತು ಕುಳ್ಳಗೇ ಉಳಿದ ಹುಡುಗ. ಸಂಜೆ ಅಡುಗೆಮನೆಯಲ್ಲಿ ಕೊಬಾಯಾಶಿ ಆ ಟೀಚರ್‌ಗೆ ಬೈತಿರೋದು ತೊತ್ತೋ ಕಿವಿಗೆ ಬೀಳುತ್ತೆ. ಆ ಮಾತು ಆ ಹುಡುಗನ ಮೇಲೆ ಏನು ಮಾಡುತ್ತೆ ಅಂತ ನಿಮಗೆ ಹೊಳೆಯಲಿಲ್ಲವಾ ಅಂತ ಅವರು ಕೇಳ್ತಿದ್ದಾರೆ. ಟೀಚರ್ ಅಳ್ತಿದ್ದಾರೆ, ತಪ್ಪಾಯ್ತು ಅಂತಿದ್ದಾರೆ. ಬೇರೆ ಶಿಕ್ಷಕರಿರುವ ಸ್ಟಾಫ್ ರೂಮ್ ಬಿಟ್ಟು ಅಡುಗೆಮನೆಗೆ ಕರೆದು ಹೇಳಿದ್ದಾರೆ ಅನ್ನೋದನ್ನು ತೊತ್ತೋ ಗಮನಿಸುತ್ತಾಳೆ.

ಎರಡೇ ಪುಟ. ಆದರೆ ನಾನು ಓದಿದ ಮೇಷ್ಟ್ರ ಕತೆಗಳಲ್ಲಿ ಒಬ್ಬ ಶಿಕ್ಷಕಿ ತನ್ನ ಕೆಲಸದಲ್ಲಿ ಮಾಡಿದ ತಪ್ಪಿನ ಬಗ್ಗೆ, ಆ ಕೆಲಸ ಗೊತ್ತಿರುವ ಇನ್ನೊಬ್ಬರು, ಮರ್ಯಾದೆ ಉಳಿಸಿ, ನೇರವಾಗಿ ಮಾತಾಡುವ ದೃಶ್ಯ ಇದೊಂದೇ. ನಾವು ಇದನ್ನ ಕೋಡ್ ರಿವ್ಯೂ ಅಂತೀವಿ. ದಿನಾ ಮಾಡ್ತೀವಿ, ಇಲ್ಲದಿದ್ದರೆ ರಿಲೀಸ್ ಆಗಲ್ಲ. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಿ ಹೀಗೆ ಮಾತಾಡುವ ಅಡುಗೆಮನೆ ನಮ್ಮ ಎಷ್ಟು ಶಾಲೆಗಳಲ್ಲಿದೆ? ತಪಾಸಣೆ ಇದೆ. ಅದು ರಿಜಿಸ್ಟರ್ ನೋಡುತ್ತೆ. ಮತ್ತೆ ಕೊಬಾಯಾಶಿ ಕೂಡ ತಾನು ಕಲಿಯೋದನ್ನು ಬಿಟ್ಟವರಲ್ಲ. ಶಾಲೆ ಶುರು ಮಾಡುವ ಮೊದಲು ಯುರೋಪಿಗೆ ಹೋಗಿ, ಸಂಗೀತ ಮತ್ತು ದೇಹದ ಲಯವನ್ನು ಸೇರಿಸಿ ಕಲಿಸುವ ಡಾಲ್‌ಕ್ರೋಜ್ ಪದ್ಧತಿ ಕಲಿತು ಬಂದವರು. 1945ರಲ್ಲಿ ಬಾಂಬ್ ಬಿದ್ದು ಶಾಲೆ ಉರಿಯುವಾಗ ಅದನ್ನು ನೋಡ್ತಾ ನಿಂತು ಮುಂದಿನ ಶಾಲೆಯ ಬಗ್ಗೆ ಮಗನ ಹತ್ತಿರ ಮಾತಾಡಿದವರು.

ಇನ್ನೊಂದು ಸಿಕ್ಕಿದ್ದು ನಮ್ಮ ಕನ್ನಡದಲ್ಲೇ, ಅದೂ ಶಿಕ್ಷಣದ ಪುಸ್ತಕ ಅಂತ ಯಾರೂ ಕರೆಯದ ಪುಸ್ತಕದಲ್ಲಿ. ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತುತ್ತಾರೆ, ಗಿಡ ಗುರುತಿಸ್ತಾರೆ, ಒಬ್ಬರನ್ನೊಬ್ಬರು ಕಾಲೆಳೀತಾರೆ, ತಮ್ಮ ಕೈಯಾರೆ ಚಿತ್ರ ಬರೀತಾರೆ. ನಗು ಬರುತ್ತೆ, ಗಿಡವೂ ಗೊತ್ತಾಗುತ್ತೆ. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು, ಆ ಉದ್ಯೋಗದ ಸಣ್ಣತನಗಳನ್ನು 'ಕಾಲೇಜು ರಂಗ'ದಲ್ಲಿ ಚೆನ್ನಾಗಿ ಝಾಡಿಸಿದವರು. ಅಂದರೆ ಅವರಿಗೆ ಬೇಸರ ಇರಲಿಲ್ಲ ಅಂತಲ್ಲ. ಬೇಸರದ ಮಧ್ಯೆಯೇ ಅಷ್ಟು ಲವಲವಿಕೆ ಹೇಗೆ ಉಳೀತು?

ಪುಸ್ತಕದ ತುಂಬಾ ಉತ್ತರ ಇದೆ. ಅವರಿಗೆ ಗಿಡ ಇನ್ನೂ ಬೋರಾಗಿರಲಿಲ್ಲ. ಪ್ರತಿ ಸಲ ಕಾಡಿಗೆ ಹೋದಾಗಲೂ ಅವರು ವಿದ್ಯಾರ್ಥಿಗಳ ಜೊತೆ ತಾವೂ ಹುಡುಕೋಕೆ ಹೋಗ್ತಿದ್ದರು, ತೋರಿಸೋಕೆ ಮಾತ್ರ ಅಲ್ಲ. ತಾವು ಗುರುತಿಸಿದ ಒಂದು ಸಸ್ಯಕ್ಕೆ ಹಾರ್ವರ್ಡ್‌ನ ತಮ್ಮ ಗುರು ಇರ್ವಿಂಗ್ ಬೈಲಿ ಅವರ ಹೆಸರಿಟ್ಟರು, ಸಾರ್ಕಾಂಡ್ರ ಇರ್ವಿಂಗ್‌ಬೈಲಿ ಅಂತ. ತಾನೇ ಪ್ರೊಫೆಸರ್ ಆದಮೇಲೂ ತಾನೊಬ್ಬರ ಶಿಷ್ಯ ಅನ್ನೋದನ್ನು ಮರೆಯದ ಮೇಷ್ಟ್ರು. ನಮ್ಮ ಕತೆಗಳು 'ಮಕ್ಕಳ ಮೇಲಿನ ಪ್ರೀತಿ'ಯನ್ನು ಮಾತ್ರ ಪ್ಯಾಷನ್ ಅಂತ ಕರೀತವೆ. ವಿಷಯದ ಮೇಲಿನ ಹುಚ್ಚು ಕೂಡ ಅಷ್ಟೇ ಮುಖ್ಯ ಅಂತ ಸ್ವಾಮಿ ಓದಿದಾಗ ಗೊತ್ತಾಗುತ್ತೆ. ಮಕ್ಕಳು ವರ್ಷವರ್ಷ ಬದಲಾಗ್ತಾರೆ, ವಿಷಯ ಜೊತೆಗೇ ಇರುತ್ತೆ.

ಇದನ್ನೆಲ್ಲ ಅಕ್ಕನಿಗೆ ಉತ್ಸಾಹದಿಂದ ಹೇಳಿದೆ. ಅವಳು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಚೆನ್ನಾಗಿದೆ. ಅವ್ರಿಗೆ ಲ್ಯಾಬಿತ್ತು, ಕಾಡಿತ್ತು, ಹಾರ್ವರ್ಡಿತ್ತು. ನಂಗೆ ಎರಡು ಕ್ಲಾಸು, ಒಂದು ರೂಮು. ನಮ್ಮಂಥವ್ರದ್ದು ಇದ್ಯಾ?"

ನ್ಯಾಯವಾದ ಮಾತು. ಅವಳಂಥವರದ್ದೂ ಇದೆ. ಆದರೆ ಅದರ ಮೇಲೆ ಸಿನಿಮಾ ಬಂದದ್ದನ್ನು ನಾನು ಕಂಡಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯೋದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ವಾಪಸ್ ಬಂದು ತಾವೇ ಕೂತು ಕನ್ನಡದಲ್ಲಿ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಅದೇ ಮುಂದೆ ನಲಿ-ಕಲಿ ಆಯಿತು, ಒಂದರಿಂದ ಮೂರನೇ ತರಗತಿಗೆ ರಾಜ್ಯದ ಶಾಲೆಗಳಿಗೆಲ್ಲ ಬಂತು. ಎರಡು ಕ್ಲಾಸು, ಒಂದು ರೂಮಿನವರೇ ಮಾಡಿದ ಕೆಲಸ ಅದು.

ಅಕ್ಕನಿಗೆ ನಲಿ-ಕಲಿ ಹೊಸದೇನಲ್ಲ, ದಿನಾ ಮಾಡ್ತಾಳೆ. ಆದರೆ ಅದು ಶಿಕ್ಷಕರೇ ಕೂತು ಬರೆದದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. "ನಂಗದು ಬಂದಿದ್ದು ಪೆಟ್ಟಿಗೇಲಿ. ಪ್ರಿಂಟಾಗಿತ್ತು. ಯಾವ ಕಾರ್ಡ್ ಆದ್ಮೇಲೆ ಯಾವ್ದು ಅಂತ ಮೂರು ದಿನ ಟ್ರೈನಿಂಗ್ ಕೊಟ್ರು, ಅಷ್ಟೆ."

ಈ ಮಾತು ನನಗೆ ಚುಚ್ಚಿತು, ಯಾಕಂದ್ರೆ ಇದು ನನ್ನ ಕೆಲಸದಲ್ಲೂ ಗೊತ್ತಿರುವ ನೋವು. ಕೋಡ್ ಬರೆದವನಿಗೆ ಅದು ತನ್ನದು. ಆಮೇಲೆ ಬಂದವನಿಗೆ ಅದು ಮೇಂಟೆನೆನ್ಸ್. ಒಂದೇ ಕಾರ್ಡು, ಹೆಗ್ಗಡದೇವನಕೋಟೆಯಲ್ಲಿ ಅದನ್ನು ಬರೆದವರ ಕೈಯಲ್ಲಿ ಉತ್ಸಾಹ, ಹತ್ತು ಹದಿನೈದು ವರ್ಷದ ಮೇಲೆ ಅಕ್ಕನ ಕೈಯಲ್ಲಿ ಡ್ಯೂಟಿ. ಕಾರ್ಡಿನಲ್ಲಿ ತಪ್ಪಿಲ್ಲ, ಅಕ್ಕನಲ್ಲೂ ತಪ್ಪಿಲ್ಲ. ಆ ಕಾರ್ಡನ್ನು ತಿದ್ದುವ ಹಕ್ಕು ಅವಳಿಗಿದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತೆ. ಒಳ್ಳೆಯದೇ. ಆದರೆ ಆ ಗಂಟೆಗಳು ಹೇಗೆ ತುಂಬುತ್ತವೆ ಅನ್ನೋದು ನಮಗೆ ಗೊತ್ತು. ನಮ್ಮ ಆಫೀಸಿನ ಕಡ್ಡಾಯ ಟ್ರೈನಿಂಗ್ ವಿಡಿಯೋಗಳನ್ನು ನಾವು ಹೇಗೆ ನೋಡ್ತೀವಿ? ಮ್ಯೂಟ್ ಮಾಡಿ, ಪಕ್ಕದ ಕಿಟಕಿಯಲ್ಲಿ ಓಡಿಸಿ, ಕೊನೆಯ ಪ್ರಶ್ನೆಗೆ ಉತ್ತರ ಪಕ್ಕದವನನ್ನು ಕೇಳಿ. ಅಕ್ಕನ ಮೊಬೈಲ್ ಕೂಡ ಅಡುಗೆ ಕಟ್ಟೆಯ ಮೇಲೆ ದೀಕ್ಷಾ ಕೋರ್ಸ್ ಓಡಿಸ್ತಿರುತ್ತೆ, ಅವಳು ಚಪಾತಿ ಲಟ್ಟಿಸ್ತಿರ್ತಾಳೆ. ಸರ್ಟಿಫಿಕೇಟ್ ಬರುತ್ತೆ. ಗಂಟೆ ಎಣಿಸಿದರೆ ಬೆಳವಣಿಗೆ ಆಗಲ್ಲ, ಯಾರ ಜೊತೆ ಏನು ಕಲಿತೆ ಅನ್ನೋದು ಮುಖ್ಯ. ಅದಕ್ಕೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಅಂತ ಒಂದು ಜಾಗ ಈಗಾಗಲೇ ಇದೆ. ಅಕ್ಕ ಹೋಗುವ ಸಭೆಯಲ್ಲಿ ಸಮಾಲೋಚನೆಗಿಂತ ಸುತ್ತೋಲೆ ಓದೋದೇ ಜಾಸ್ತಿಯಂತೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಸೆಪ್ಟೆಂಬರ್ ಐದರ ಭಾಷಣಗಳ ಆ ಹಳೇ ಹೋಲಿಕೆ ಕೇಳಿದರೆ ಸಿಟ್ಟು ಬರುತ್ತೆ. ಶಿಕ್ಷಕ ತಾನು ಉರಿದು ಇತರರಿಗೆ ಬೆಳಕು ಕೊಡುವ ಮೇಣದಬತ್ತಿ ಅಂತೆ. ಮೇಣದಬತ್ತಿ ಏನು ಮಾಡುತ್ತೆ? ಉರಿದಷ್ಟೂ ಗಿಡ್ಡ ಆಗುತ್ತೆ. ಬೆಳೆಯೋ ಅವಕಾಶವೇ ಇಲ್ಲದ ವಸ್ತುವಿಗೆ ಹೋಲಿಸಿ ಅದನ್ನೇ ಹೊಗಳಿಕೆ ಅಂತೀವಿ. ಇದರಲ್ಲಿ ನಮಗೊಂದು ಅನುಕೂಲವೂ ಇದೆ. ಮೇಣದಬತ್ತಿಗೆ ಸಂಬಳ, ಪುಸ್ತಕ, ರಜೆ, ಜೊತೆಗಾರರು ಯಾವುದೂ ಬೇಕಾಗಿಲ್ಲ.

ಫ್ರಾನ್ಸಿನಲ್ಲಿ ಇದರ ಪರೀಕ್ಷೆಯೇ ನಡೆಯಿತು. ನಿಕೊಲಾ ಫಿಲಿಬೇರ್ 2002ರಲ್ಲಿ ಮಾಡಿದ 'ಎತ್ರ್ ಎ ಅವುವಾರ್' ಅನ್ನೋ ಸಾಕ್ಷ್ಯಚಿತ್ರದಲ್ಲಿ ಒವೆರ್ನ್ ಪ್ರಾಂತ್ಯದ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆ ಇದೆ. ಜಾರ್ಜ್ ಲೋಪೆಜ್ ಅನ್ನೋ ಮೇಷ್ಟ್ರು, ನಿವೃತ್ತಿಗೆ ಹತ್ತಿರ ಬಂದವರು, ಒಂದೇ ಕೋಣೆಯಲ್ಲಿ ನಾಲ್ಕರಿಂದ ಹತ್ತು ಹನ್ನೊಂದು ವಯಸ್ಸಿನವರೆಗಿನ ಮಕ್ಕಳಿಗೆ ಕಲಿಸ್ತಾರೆ. ಜೋಜೋ ಅನ್ನೋ ಪುಟ್ಟ ತುಂಟನ ಜೊತೆ ಎಲ್ಲಿಯವರೆಗೆ ಎಣಿಸಬಹುದು ಅಂತ ಅವರು ಮಾತಾಡೋದನ್ನು ನೋಡಬೇಕು. ನೂರು, ಸಾವಿರ, ಇನ್ನೂ ಮುಂದೆ ಹೋಗಬಹುದಾ? ದನಿ ಏರಲ್ಲ, ಅವಸರ ಇಲ್ಲ. ಇದು ಹುಟ್ಟುಗುಣ ಅಲ್ಲ, ವರ್ಷಗಟ್ಟಲೆ ತಿದ್ದಿಕೊಂಡ ಕಸುಬು ಅಂತ ನೋಡಿದರೆ ಗೊತ್ತಾಗುತ್ತೆ. ಸಿನಿಮಾ ಭಾರಿ ಯಶಸ್ಸು ಕಂಡಿತು. ಆಮೇಲೆ ಲೋಪೆಜ್ ತನಗೂ ಪಾಲು ಬರಬೇಕು ಅಂತ ಕೋರ್ಟಿಗೆ ಹೋದರು, ಸೋತರು. ಇದನ್ನು ಓದಿದಾಗ ನನಗೂ ಮೊದಲು ಅನ್ನಿಸಿದ್ದು 'ಛೆ, ಅಂಥ ಮೇಷ್ಟ್ರು ಹೀಗೆ ಮಾಡಬಾರದಿತ್ತು' ಅಂತಲೇ. ಆಮೇಲೆ ನನಗೇ ನಾಚಿಕೆಯಾಯಿತು. ಕಾನೂನಿನ ಲೆಕ್ಕ ಏನೇ ಇರಲಿ, ಯಾವುದೋ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಕೆಲಸಕ್ಕೆ ಪಾಲು ಕೇಳಿದ್ದರೆ ನನಗೆ ಛೆ ಅನ್ನಿಸ್ತಿತ್ತಾ?

ಅಕ್ಕನಿಗೆ ಕಳಿಸಬಹುದಾದ ಸಿನಿಮಾ ಕೊನೆಗೂ ಸಿಗಲಿಲ್ಲ. ಸಿಕ್ಕಿದ್ದು ತುಣುಕುಗಳು: ಕ್ಯಾಥರೀನ್ ಜೊತೆಗಿನ ವಾದ, ಕೊಬಾಯಾಶಿಯ ಅಡುಗೆಮನೆ, ಸ್ವಾಮಿಯವರ ಕಾಡು, ಹೆಗ್ಗಡದೇವನಕೋಟೆಯ ಕಾರ್ಡು. ನಾಲ್ಕರಲ್ಲೂ ಮೇಷ್ಟ್ರು ಒಂಟಿ ಅಲ್ಲ. ನಾಲ್ಕರಲ್ಲೂ ಅವರು ಕಲಿಸೋದಕ್ಕಿಂತ ಹೆಚ್ಚಾಗಿ ಕಲೀತಿದ್ದಾರೆ. ಈ ಭಾಗವನ್ನೇ ನಮ್ಮ ಕತೆಗಾರರು, ನಿರ್ದೇಶಕರು ಬೋರು ಅಂತ ಕತ್ತರಿಸಿ ಹಾಕ್ತಾರೆ.

ಹೋದ ತಿಂಗಳು ರಾತ್ರಿ ಒಂಬತ್ತಕ್ಕೆ ಅಕ್ಕ ಫೋನ್ ಮಾಡಿದಳು. ಯಾರಿಗೋ ಹುಷಾರಿಲ್ವೇನೋ ಅಂತ ಗಾಬರಿಯಾಗಿ ಎತ್ತಿದೆ.

"ನಿಂಗೆ ಟೈಮಿದ್ಯಾ? ನಮ್ಮ ಹುಡುಗಿಯೊಬ್ಳು ಅರ್ಧಕ್ಕಿಂತ ಕಾಲು ದೊಡ್ಡದು ಅಂತಾಳೆ. ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ. ರೊಟ್ಟಿ ಮುರ್ದು ತೋರ್ಸಿದ್ರೆ ಸರಿ ಅಂತಾಳೆ, ಪುಸ್ತಕದಲ್ಲಿ ಬರ್ದ್ರೆ ಮತ್ತೆ ಅದೇ. ಹತ್ತೊಂಬತ್ತು ವರ್ಷದಿಂದ ಪ್ರತಿ ಬ್ಯಾಚಲ್ಲೂ ಇಬ್ರು ಮೂವರು ಹೀಗೇ ಅಂತಾರೆ. ನಾನು ತಪ್ಪು ಹಾಕಿ ಮುಂದೆ ಹೋಗ್ತಿದ್ದೆ. ಈ ಸಲ ಯಾಕೆ ಹಾಗನ್ಸುತ್ತೆ ಅಂತ ನೋಡ್ಬೇಕು."

ಇಪ್ಪತ್ತು ನಿಮಿಷ ಮಾತಾಡಿದೆವು. ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಮಡಚಿಸಿ, ಪ್ರತಿ ಮಡಿಕೆಯ ಮೇಲೆ ಮಕ್ಕಳಿಂದಲೇ ಸಂಖ್ಯೆ ಬರೆಸಿದರೆ ಹೇಗೆ ಅಂತ ಅವಳೇ ಕೊನೆಗೆ ಹೇಳಿದಳು. ಪಕ್ಕದ ಊರಿನ ಟೀಚರ್‌ಗೂ ಹೇಳಿ, ಇಬ್ಬರೂ ಮಾಡಿ ನೋಡಿ, ಸಮಾಲೋಚನಾ ಸಭೆಯ ದಿನ ಊಟಕ್ಕೆ ಕೂತಾಗ ಮಾತಾಡ್ತಾರಂತೆ. ಫೋನ್ ಇಡುವ ಮೊದಲು, "ಆ ಜಪಾನ್ ಪುಸ್ತಕ ಇದ್ಯಲ್ಲ, ಅಡುಗೆಮನೇದು, ಊರಿಗೆ ಬರುವಾಗ ತಗೊಂಬಾ" ಅಂದಳು.

ಎರಡು ಪ್ರತಿ ತಗೊಂಡಿದ್ದೀನಿ. ಒಂದು ಪಕ್ಕದ ಊರಿನ ಟೀಚರ್‌ಗೆ.